ತುಮಕೂರಿನಲ್ಲಿ ಹಿಡಿದ ಚೆನ್ನಮ್ಮ ಎಕ್ಸ್‌ಪ್ರೆಸ್

“ಒಂಬತ್ತಕ್ಕೆ ವಿಮಾನ ಇಳಿಯುತ್ತದೆ, ಹನ್ನೊಂದಕ್ಕೆ ರೈಲು. ಎರಡು ತಾಸು ಸಾಕಲ್ಲವೇ ಸರ್?” ಎಂದು ನಮ್ಮ ಕಂಪನಿಯ ಹೊಸ ಹುಡುಗರು ಕೇಳುತ್ತಾರೆ. ನಾನು ಮರುಪ್ರಶ್ನೆ ಹಾಕುತ್ತೇನೆ: “ಯಾವ ನಿಲ್ದಾಣದಿಂದ?” ಬೆಂಗಳೂರಿನಿಂದ, ಎನ್ನುತ್ತಾರೆ. ಅಲ್ಲಿಗೆ ಅವರ ಎರಡು ತಾಸಿನಲ್ಲಿ ಅರ್ಧ ತಾಸು ಹೋಯಿತು ಎಂದೇ ನನ್ನ ಲೆಕ್ಕ.

ನಾನು ರಾಣೆಬೆನ್ನೂರಿನವನು. ಬೀಜದ ಕಂಪನಿಯೊಂದರಲ್ಲಿ ಗುಣಮಟ್ಟದ ತಪಾಸಣೆ ನನ್ನ ಕೆಲಸ. ನಮ್ಮ ಸುತ್ತಲಿನ ಹೊಲಗಳಲ್ಲಿ ತಯಾರಾದ ಬೆಂಡೆ, ಟೊಮೇಟೊ, ಮೆಣಸಿನಕಾಯಿ ಬೀಜ ದೇಶದ ಮೂಲೆ ಮೂಲೆಗೆ ಹೋಗುತ್ತದೆ. ಎಲ್ಲಿಯಾದರೂ ಅದು ಮೊಳೆಯಲಿಲ್ಲ ಎಂದು ದೂರು ಬಂದರೆ ಅದರ ಬೆನ್ನು ಹತ್ತಿ ನಾನೂ ಹೋಗಬೇಕು. ಹೋಗುವುದು ಕಷ್ಟವಲ್ಲ, ಹೇಗಾದರೂ ಹೋಗಬಹುದು. ತಿರುಗಿ ಬರುವುದರಲ್ಲಿದೆ ಕಸರತ್ತು. ರಾಯಪುರವೋ ಕೋಲ್ಕತ್ತವೋ, ವಿತರಕನ ಗೋದಾಮಿನಲ್ಲಿ ಮಾದರಿ ತೆಗೆದು, ಕಾಗದ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅವನ ಒತ್ತಾಯಕ್ಕೆ ಊಟ ಮಾಡಿ ಹೊರಡುವಾಗ ಮಧ್ಯಾಹ್ನ ಕಳೆದಿರುತ್ತದೆ. ಸಂಜೆಯ ವಿಮಾನ ಬೆಂಗಳೂರಿಗೆ. ಅಲ್ಲಿಂದ ರಾತ್ರಿ ಹನ್ನೊಂದರ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಸಿಕ್ಕರೆ ಬೆಳಗಿನ ಜಾವ ರಾಣೆಬೆನ್ನೂರು. ಸ್ನಾನ ಮಾಡಿ ಹತ್ತಕ್ಕೆ ಪ್ರಯೋಗಾಲಯಕ್ಕೆ ಹೋಗಬಹುದು. ಹುಬ್ಬಳ್ಳಿಗೆ ವಿಮಾನವಿದೆಯಲ್ಲ ಎಂದು ಬುದ್ಧಿ ಹೇಳುವವರಿದ್ದಾರೆ. ಇದೆ, ಆದರೆ ನನ್ನ ಕೆಲಸ ಮುಗಿಯುವ ಹೊತ್ತಿಗೆ ಅದು ಹುಬ್ಬಳ್ಳಿ ಮುಟ್ಟಿ ಮಲಗಿರುತ್ತದೆ. ಬಸ್ಸುಗಳಂತೂ ರಾತ್ರಿಯಿಡೀ ಇವೆ. ನನ್ನ ಸೊಂಟಕ್ಕೆ ಬಸ್ಸಿನೊಂದಿಗೆ ಹಳೆಯ ವೈರ.

ಹೀಗಾಗಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ರೈಲಿನ ತನಕದ ದಾರಿ ನನಗೆ ಬಾಯಿಪಾಠ. 2008ರ ಮೇ ತಿಂಗಳ ತನಕ ಈ ಪಾಠವೇ ಬೇಕಿರಲಿಲ್ಲ. ಎಚ್‌ಎಎಲ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಊರೊಳಗಿನಿಂದಲೇ ಸಿಟಿ ಸ್ಟೇಷನ್ ಮುಟ್ಟುತ್ತಿದ್ದೆವು. ಈಗ ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಮೂವತ್ತೈದು ಕಿಲೋಮೀಟರ್ ಮೇಲೆಯೇ ಆಗುತ್ತದೆ. ನಡುವೆ ವಾಹನಗಳು ಕಟ್ಟಿಕೊಂಡು ನಿಲ್ಲುವ ಹೆಬ್ಬಾಳ ಕೂತಿದೆ.

ಮೊದಲು ಗಡಿಯಾರದ ವಿಷಯ. ಟಿಕೆಟ್ಟಿನ ಮೇಲಿನ ಇಳಿಯುವ ಸಮಯವನ್ನು ನಾನು ಬೀಜದ ಚೀಟಿ ಓದಿದ ಹಾಗೆ ಓದುತ್ತೇನೆ. ಬೆಂಡೆ ಬೀಜದ ಪೊಟ್ಟಣಕ್ಕೆ ಕನಿಷ್ಠ ಮೊಳಕೆ 65 ಪ್ರತಿಶತ ಎಂಬುದು ಸರಕಾರದ ಮಾನದಂಡ. ಆ ಅಂಕಿ ಪ್ರಯೋಗಾಲಯದ ಒದ್ದೆ ಕಾಗದದ್ದು, ರೈತನ ಹೊಲದ್ದಲ್ಲ. ವಿಮಾನ ಕಂಪನಿಯ ಒಂಬತ್ತು ಗಂಟೆಯೂ ಹಾಗೆಯೇ. ಅದರ ಮುಂದೆ ಬಾಗಿಲು ತೆರೆಯುವುದಿದೆ, ಏಣಿ ಬರುವುದಿದೆ, ಬಸ್ಸು ತುಂಬುವುದಿದೆ. ನಾನು ಲೆಕ್ಕ ಶುರು ಮಾಡುವುದು ನನ್ನ ಕಾಲು ನಿಲ್ದಾಣದ ಕಟ್ಟಡದಿಂದ ಹೊರಗೆ ಬಿದ್ದ ಗಳಿಗೆಯಿಂದ.

ಆ ಗಳಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲಿದೆ. ಲಗೇಜು ಒಪ್ಪಿಸುವ ಮಾತೇ ಬೇಡ. ಬೆಲ್ಟಿನ ಮುಂದೆ ನಿಂತು ಊರವರ ಪೆಟ್ಟಿಗೆಗಳ ಮೆರವಣಿಗೆ ನೋಡುವಷ್ಟು ಪುರುಸೊತ್ತು ರೈಲು ಹಿಡಿಯುವವನಿಗೆ ಇರುವುದಿಲ್ಲ. ನನ್ನ ಬೀಜದ ಮಾದರಿಗಳು ಕಂದು ಕಾಗದದ ಪೊಟ್ಟಣಗಳಲ್ಲಿ, ಮೇಲೆ ಅರಗಿನ ಮುದ್ರೆಯೊಂದಿಗೆ, ಖಾದಿ ಬಟ್ಟೆಯ ಜೋಳಿಗೆಯೊಂದರಲ್ಲಿ ಕೂತು ನನ್ನ ತೊಡೆಯ ಮೇಲೆಯೇ ಬರುತ್ತವೆ. ಭದ್ರತಾ ತಪಾಸಣೆಯಲ್ಲಿ ಅವನ್ನು ಬಿಚ್ಚಿಸಲು ನೋಡುತ್ತಾರೆ. ಮುದ್ರೆ ಒಡೆದರೆ ಮಾದರಿ ಕೆಟ್ಟಂತೆ ಎಂದು ತಿಳಿಸಲು ಕಂಪನಿಯ ಪತ್ರ ಜೇಬಿನಲ್ಲಿರುತ್ತದೆ. ಆಸನ ಮುಂದಿನ ಸಾಲುಗಳಲ್ಲಿ, ನಡುದಾರಿಯ ಪಕ್ಕ. ಕಿಟಕಿಯಿಂದ ಮೋಡ ನೋಡುವ ಆಸೆ ಇರುವವರು ಮರುದಿನದ ಗಾಡಿಗೆ ಬುಕ್ ಮಾಡಲಿ. ವಿಮಾನ ದೂರದಲ್ಲಿ ನಿಂತು ಬಸ್ಸಿನಲ್ಲಿ ಕಟ್ಟಡಕ್ಕೆ ಒಯ್ಯುವುದಾದರೆ ಲೆಕ್ಕ ತಿರುವುಮುರುವಾಗುತ್ತದೆ. ಮೊದಲು ಇಳಿದವನು ಬಸ್ಸಿನ ಒಳಗೆ ಸರಿದು ಕೂತರೆ ಕೊನೆಗೆ ಇಳಿಯುತ್ತಾನೆ. ನಾನು ಕಂಬ ಹಿಡಿದು ಬಾಗಿಲ ಬಳಿಯೇ ನಿಲ್ಲುತ್ತೇನೆ, ಎಷ್ಟು ಜನ ಗುರುಗುಟ್ಟಿದರೂ.

ಯಾವ ಟರ್ಮಿನಲ್ ಎಂಬುದೂ ಗೊತ್ತಿರಬೇಕು. 2023ರ ಜನವರಿಯಿಂದ ಎರಡನೆಯ ಟರ್ಮಿನಲ್‌ನಿಂದಲೂ ದೇಶದೊಳಗಿನ ವಿಮಾನಗಳು ಹಾರುತ್ತಿವೆ. ಬಿದಿರು, ತೂಗುವ ಗಿಡಗಳು, ಹಸಿರು ಎಲ್ಲ ಬಹಳ ಚೆಂದ, ನಾನೂ ಬಾಯಿಬಿಟ್ಟು ನೋಡಿದ್ದೇನೆ. ಆದರೆ ರೈಲು ಇರುವ ರಾತ್ರಿ ಮೊದಲನೆಯ ಟರ್ಮಿನಲ್ಲೇ ನನಗೆ ಇಷ್ಟ. ಅಲ್ಲಿ ನಡಿಗೆ ಕಡಿಮೆ.

ಹೊರಗೆ ಬಂದ ಮೇಲೆ ಬಸ್ಸೋ ಕಾರೋ? ವಿಮಾನ ನಿಲ್ದಾಣದ ವಾಯು ವಜ್ರ ಬಸ್ಸುಗಳಲ್ಲಿ ಕೆಐಎ-9 ನೇರ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೋಗುತ್ತದೆ, ರಾತ್ರಿಯೂ ಓಡುತ್ತದೆ. ಕಾರಿಗಿಂತ ಅದು ತುಂಬ ತಡ ಎಂದೇನೂ ಇಲ್ಲ. ಹೆಬ್ಬಾಳದಲ್ಲಿ ಕಾರಿಗೂ ಅಷ್ಟೇ ಜಾಗ, ಬಸ್ಸಿಗೂ ಅಷ್ಟೇ. ಬಸ್ಸಿನ ಚಾಲಕನಿಗೆ ಯಾವ ಲೇನಿನಲ್ಲಿ ನುಗ್ಗಬೇಕೆಂಬುದು ಕಾರಿನವನಿಗಿಂತ ಚೆನ್ನಾಗಿ ಗೊತ್ತು. ಬಸ್ಸಿನ ತೊಂದರೆ ಬೇರೆ: ಅದು ಹೊರಡುವ ತನಕ ಕಾಯಬೇಕು. ಎದುರಿಗೇ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದರೆ ಹತ್ತಿ. ಇಲ್ಲದಿದ್ದರೆ ಟ್ಯಾಕ್ಸಿ.

ಬಸ್ಸಿನಲ್ಲಿ ಕೂತವರಿಗೆ ಒಂದು ಒಳದಾರಿ ಹೇಳುತ್ತೇನೆ. ಮೆಜೆಸ್ಟಿಕ್ ತನಕ ಹೋಗಬೇಡಿ. ಮೇಖ್ರಿ ವೃತ್ತದಲ್ಲಿ ಇಳಿದು ಆಟೊ ಹಿಡಿಯಿರಿ. ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಗೋಡೆಯ ಪಕ್ಕದಿಂದ ಹಾದು ಹೋದರೆ ಯಶವಂತಪುರ ರೈಲು ನಿಲ್ದಾಣ ಬಂತು. ತುಮಕೂರು ಕಡೆಗೆ ಹೋಗುವ ಗಾಡಿಗಳಲ್ಲಿ ಬಹಳಷ್ಟು ಅಲ್ಲಿ ನಿಲ್ಲುತ್ತವೆ. ಚೆನ್ನಮ್ಮ ಗಾಡಿ ಮೆಜೆಸ್ಟಿಕ್ ಬಿಟ್ಟು ಅಲ್ಲಿಗೆ ಬರುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಕಳೆದಿರುತ್ತದೆ, ನಿಮಗೆ ಅತ್ತ ಊರೊಳಗೆ ಹೋಗುವ ರಸ್ತೆಯೂ ಉಳಿಯಿತು. ಸಿಗ್ನಲ್‌ಗಳನ್ನೂ ಸೇರಿಸಿ ಹೇಳುವುದಾದರೆ ಅರ್ಧ ತಾಸು ಗಿಟ್ಟಿದ ಹಾಗೆ. ಮೊದಲೇ ಹೇಳಿದ ಅರ್ಧ ತಾಸು ಇದೇ.

ಮೆಜೆಸ್ಟಿಕ್‌ನದು ಬೇರೆಯೇ ಕಥೆ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಎಂಬ ಹೆಸರು ಬಂದು ವರ್ಷಗಳಾದರೂ ಟಿಕೆಟ್ಟಿನ ಮೇಲೆ ಸಂಕೇತ ಇಂದಿಗೂ ಎಸ್‌ಬಿಸಿ. ಬಸ್ ನಿಲ್ದಾಣ ಮುಟ್ಟಿದೆವೆಂದರೆ ರೈಲು ಮುಟ್ಟಿದ ಹಾಗಲ್ಲ. ಸುರಂಗ ಮಾರ್ಗ ಇಳಿದು, ಹೂವು, ಚಾರ್ಜರು, ಬಾಚಣಿಕೆ ಮಾರುವವರನ್ನು ದಾಟಿ, ಮತ್ತೆ ಹತ್ತಿ, ಆಟೊಗಳ ನಡುವೆ ನುಸುಳಿ, ಬಾಗಿಲಲ್ಲಿ ಚೀಲವನ್ನು ಯಂತ್ರಕ್ಕೆ ಕೊಟ್ಟು, ಫಲಕದಲ್ಲಿ ಪ್ಲಾಟ್‌ಫಾರಂ ನೋಡಿ, ಮೇಲ್ಸೇತುವೆ ಹತ್ತಿ ಇಳಿದರೆ ಗಾಡಿ. ಹತ್ತು ಪ್ಲಾಟ್‌ಫಾರಂಗಳ ನಿಲ್ದಾಣ ಅದು. ಟ್ಯಾಕ್ಸಿಯವನಾದರೆ “ಮುಂದೆಯೋ ಹಿಂದೆಯೋ” ಎಂದು ಕೇಳುತ್ತಾನೆ. ಹಿಂದೆ ಎಂದರೆ ಓಕಳೀಪುರದ ಕಡೆಯ ಬಾಗಿಲು, ಹತ್ತನೆಯ ಪ್ಲಾಟ್‌ಫಾರಂ ಕಡೆಯದು. ಗಾಡಿ ಯಾವುದರಲ್ಲಿ ನಿಂತಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೇ ಇದಕ್ಕೆ ಉತ್ತರ ಕೊಡಬೇಕು. ಆ ತುದಿಯಿಂದ ಈ ತುದಿಗೆ ಚೀಲ ಹೊತ್ತು ಓಡುವ ವಯಸ್ಸು ನನ್ನದಲ್ಲ.

ಯಶವಂತಪುರದಲ್ಲಿ ಹತ್ತುವವರು ಟಿಕೆಟ್ಟಿನಲ್ಲೂ ಅದನ್ನು ಹೇಳಬೇಕು. ಐಆರ್‌ಸಿಟಿಸಿಯಲ್ಲಿ ಹತ್ತುವ ನಿಲ್ದಾಣ ಬದಲಿಸುವ ಅವಕಾಶವಿದೆ. ಗಡುವಿನೊಳಗೆ ಮಾಡಬೇಕು, ಒಂದೇ ಸಲ ಮಾಡಬಹುದು. ಟಿಕೆಟ್ಟಿನ ದರವೇನೂ ಇಳಿಯುವುದಿಲ್ಲ. ಬದಲಿಸಿದ ಮೇಲೆ ಮೆಜೆಸ್ಟಿಕ್‌ನಲ್ಲಿ ಹತ್ತುವ ಹಕ್ಕು ಹೋಯಿತು. ಬದಲಿಸದೆ ಯಶವಂತಪುರದಲ್ಲಿ ಹತ್ತಿದರೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ನಿಜ. ಆದರೆ ಈಗ ಟಿಟಿಇ ಕೈಯಲ್ಲಿ ಕಾಗದದ ಚಾರ್ಟ್ ಬದಲು ಯಂತ್ರವಿದೆ. ಆಸಾಮಿ ಬಂದಿಲ್ಲ ಎಂದು ಅದರಲ್ಲಿ ಒತ್ತಿದನೆಂದರೆ ನಿಮ್ಮ ಬರ್ತು ಆರ್‌ಎಸಿಯಲ್ಲಿ ಪೂರ್ತಿ ಬರ್ತು ಸಿಗದೆ ಮುದುರಿ ಕೂತಿದ್ದ ಯಾರದೋ ಪಾಲಾಗಬಹುದು. ನಮ್ಮ ಕಡೆಯ ಗಾಡಿಗಳಲ್ಲಿ ಆರ್‌ಎಸಿಯವರಿಗೆ ಬರವಿಲ್ಲ. ಇನ್ನೊಂದು ಮಾತು ಇದರಲ್ಲಿ ಅಡಗಿದೆ: ಒಂದೇ ಪಿಎನ್‌ಆರ್‌ನಲ್ಲಿ (ಟಿಕೆಟ್ಟಿನ ಸಂಖ್ಯೆಯಲ್ಲಿ) ಇಬ್ಬರಿದ್ದರೆ ನಿಲ್ದಾಣ ಇಬ್ಬರಿಗೂ ಬದಲಾಗುತ್ತದೆ.

ಇದು ಯಾಕೆ ನೆನಪಿಗೆ ಬಂತೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ರೈಲಿನ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ. 2021ರ ಜನವರಿಯಲ್ಲಿ ಕೆಐಎ ಹಾಲ್ಟ್ ಎಂಬ ಪುಟ್ಟ ನಿಲ್ದಾಣ ಶುರುವಾಯಿತು. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಹೋಗುವ, ಒಂದು ಕಾಲಕ್ಕೆ ನ್ಯಾರೋಗೇಜ್ ಆಗಿದ್ದ ಹಳಿಯ ಮೇಲೆ ಅದಿದೆ. ಕಾಫಿಗಿಂತ ಅಗ್ಗದ ಟಿಕೆಟ್ಟು, ಹೆಬ್ಬಾಳದ ಕಾಟವಿಲ್ಲ. ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಗಾಡಿಗಳು ಮಾತ್ರ ದಿನಕ್ಕೆ ಬೆರಳೆಣಿಕೆ. ನಿಲ್ದಾಣದ ನೌಕರರ ಪಾಳಿಗೆ ಹೊಂದಬಹುದೇನೋ, ರಾತ್ರಿ ಹತ್ತಕ್ಕೆ ಇಳಿದವನಿಗೆ ಪ್ರಯೋಜನವಿಲ್ಲ. ಉಪನಗರ ರೈಲಿನ ಯೋಜನೆಯಲ್ಲಿ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವ ಮಾರ್ಗಕ್ಕೆ ಸಂಪಿಗೆ ಎಂದು ಹೆಸರಿಟ್ಟಿದ್ದಾರೆ. ಮಲ್ಲಿಗೆ, ಪಾರಿಜಾತ, ಕನಕ ಉಳಿದ ಮೂರು. ಹೆಸರಿಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಬಳ್ಳಾರಿ ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಎದ್ದಿವೆ. ಗಾಡಿ ಓಡಿದ ದಿನ ಈ ಬರಹವನ್ನು ನಾನೇ ಸಂತೋಷದಿಂದ ಅಳಿಸಿ ಹಾಕುತ್ತೇನೆ.

ಇನ್ನು ಆ ರಾತ್ರಿಯ ವಿಷಯ. ಮೇ ತಿಂಗಳು, ಬಿತ್ತನೆಗೆ ಮುಂಚಿನ ಗಡಿಬಿಡಿಯ ದಿನಗಳು. ಕೋಲ್ಕತ್ತದಿಂದ ಬರುತ್ತಿದ್ದೆ. ವಿಮಾನ ಎಂಟೂಕಾಲಿಗೆ ಇಳಿಯಬೇಕು, ಗಾಡಿ ಹನ್ನೊಂದಕ್ಕೆ. ಇದನ್ನು ಅವಸರದ ಪ್ರಯಾಣ ಎಂದು ಯಾರೂ ಹೇಳಲಾರರು. ಅಣ್ಣನ ಮಗ ಬೆಂಗಳೂರಿನಲ್ಲಿ ಓದುತ್ತಾನೆ, ರಜೆಗೆ ಊರಿಗೆ ಹೊರಟಿದ್ದ. ಇಬ್ಬರಿಗೂ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದ್ದೆ. ಅವನ ಕೋಣೆ ಮೆಜೆಸ್ಟಿಕ್‌ಗೆ ನಡೆದು ಹೋಗುವಷ್ಟು ಹತ್ತಿರ, ಹಾಗಾಗಿ ಹತ್ತುವ ನಿಲ್ದಾಣವನ್ನು ಮುಟ್ಟಲಿಲ್ಲ.

ಬೆಂಗಳೂರಿನ ಮೇಲೆ ಗುಡುಗು ಮಳೆ. ವಿಮಾನ ಎಲ್ಲೋ ಕತ್ತಲಲ್ಲಿ ಸುತ್ತು ಹಾಕುತ್ತಿತ್ತು. ರೆಕ್ಕೆಯ ತುದಿಯ ದೀಪ ಮೋಡದೊಳಗೆ ಹೊತ್ತಿ ಆರುತ್ತಿತ್ತು. ಪಕ್ಕದವರು ದೇವರ ನಾಮ ಹೇಳುತ್ತಿದ್ದರು, ನಾನು ಕೈಗಡಿಯಾರ ನೋಡುತ್ತಿದ್ದೆ. ಇಳಿದಾಗ ಹತ್ತಕ್ಕೆ ಹತ್ತು ನಿಮಿಷ. ಫೋನು ಚಾಲೂ ಮಾಡುತ್ತಲೇ ಹುಡುಗನ ಕರೆ.

“ಕಾಕಾ, ಎಲ್ಲಿದ್ದೀರಿ? ಇಲ್ಲಿ ಧೋ ಎಂದು ಸುರಿಯುತ್ತಿದೆ. ಬಸ್ಸುಗಳೆಲ್ಲ ನಿಂತ ಹಾಗೇ ಇವೆ.”

“ಈಗ ಇಳಿದೆ. ನೀನು ಸ್ಟೇಷನ್‌ಗೆ ಹೋಗು. ಗಾಡಿ ಬಂದ ಕೂಡಲೇ ಹತ್ತಿ ಕೂತುಬಿಡು, ನನಗಾಗಿ ಕೆಳಗೆ ನಿಲ್ಲಬೇಡ.”

“ಊಟ?”

“ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೋ.”

ಹೊರಗೆ ಬಂದಾಗ ಹತ್ತೂ ಹದಿನೈದು. ಟ್ಯಾಕ್ಸಿಯಲ್ಲಿ ಕೂತು ಯಶವಂತಪುರ ಎಂದೆ. ಚಾಲಕನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕನ್ನಡಿಗೆ ಸಣ್ಣ ಗಣಪತಿ ಅಂಟಿಸಿಕೊಂಡಿದ್ದ. ಮೊಬೈಲಿನ ನಕ್ಷೆ ತೋರಿಸಿದ. ಹೆಬ್ಬಾಳದಿಂದ ಈಚೆಗೆ ಬಹುದೂರದವರೆಗೆ ರಸ್ತೆ ಕಡುಕೆಂಪು.

“ಸರ್, ಹೆಬ್ಬಾಳದಲ್ಲಿ ನೀರು ನಿಂತಿದೆಯಂತೆ. ನಮ್ಮ ಗ್ರೂಪಿನಲ್ಲಿ ಹಾಕುತ್ತಿದ್ದಾರೆ. ಹನ್ನೊಂದೂವರೆ ಆದರೂ ಆಗಬಹುದು. ಎಷ್ಟಕ್ಕೆ ಗಾಡಿ?”

“ಹನ್ನೊಂದಕ್ಕೆ ಮೆಜೆಸ್ಟಿಕ್, ಹನ್ನೊಂದೂ ಹತ್ತಕ್ಕೆ ಯಶವಂತಪುರ.”

ಅವನು ಮರ್ಯಾದೆಯಿಂದ ಸುಮ್ಮನಿದ್ದ. ಆಗದು ಎಂಬುದನ್ನು ಬೆಂಗಳೂರಿನ ಚಾಲಕರು ಹೇಳುವ ರೀತಿ ಅದು.

ವಿಮಾನ ನಿಲ್ದಾಣದಿಂದ ಹೊರಟ ರಸ್ತೆ ಬಳ್ಳಾರಿ ಹೆದ್ದಾರಿಯನ್ನು ಸೇರುವಲ್ಲಿ ತುತ್ತೂರಿಯಂತೆ ಸುತ್ತುವ ಮೇಲ್ಸೇತುವೆಯೊಂದಿದೆ, ಟ್ರಂಪೆಟ್ ಎಂದೇ ಎಲ್ಲರೂ ಕರೆಯುತ್ತಾರೆ. ಅಲ್ಲಿಂದ ಒಂದು ಕವಲು ದಕ್ಷಿಣಕ್ಕೆ ಬೆಂಗಳೂರಿಗೆ, ಒಂದು ಉತ್ತರಕ್ಕೆ ದೇವನಹಳ್ಳಿಗೆ. ಅದು ಬರುವುದರೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕಿತ್ತು. ಚೆನ್ನಮ್ಮ ಗಾಡಿಗೆ ಯಶವಂತಪುರದ ನಂತರ ತುಮಕೂರಿನಲ್ಲಿ ನಿಲುಗಡೆ, ಮಧ್ಯರಾತ್ರಿ ದಾಟುವ ಹೊತ್ತಿಗೆ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ಅಲ್ಲಿಂದ ದಾಬಸ್‌ಪೇಟೆ, ಅಲ್ಲಿಂದ ತುಮಕೂರು. 2024ರಲ್ಲಿ ಉದ್ಘಾಟನೆಯಾದ ಉಪನಗರ ವರ್ತುಲ ರಸ್ತೆ ಈ ಊರುಗಳನ್ನು ಪೋಣಿಸಿಕೊಂಡು ಹೊಸಕೋಟೆ ಕಡೆಯಿಂದ ಬರುತ್ತದೆ. ನಮ್ಮ ಕಂಪನಿಯ ಲಾರಿಗಳು ಚೆನ್ನೈ ಸರಕಿಗೆ ಆ ದಾರಿ ಹಿಡಿಯುತ್ತವೆ, ಹಾಗಾಗಿ ರಸ್ತೆ ಹೇಗಿದೆ ಎಂಬುದು ಗೊತ್ತಿತ್ತು. ಎಂಬತ್ತು ಕಿಲೋಮೀಟರಿಗೆ ಕೊಂಚ ಮೇಲೆ. ಬೆಂಗಳೂರಿನ ಒಂದೇ ಒಂದು ಸಿಗ್ನಲ್ ಕೂಡ ನಡುವೆ ಬರುವುದಿಲ್ಲ.

“ತಮ್ಮಾ, ತುಮಕೂರಿಗೆ ಬಿಡುತ್ತೀಯಾ?”

ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿದ. “ರೈಲ್ವೆ ಸ್ಟೇಷನ್ನಿಗಾ ಸರ್?”

“ಹನ್ನೆರಡರೊಳಗೆ.”

“ವಾಪಸು ಖಾಲಿ ಬರಬೇಕು ಸರ್.” ಇದು ಸಮ್ಮತಿ. ಉಳಿದದ್ದು ದರ. 2,800 ರೂಪಾಯಿಗೆ ಕುದುರಿತು, ಟೋಲ್ ನನ್ನದು. ಸೇತುವೆಯ ಸುತ್ತು ಅಷ್ಟರಲ್ಲಿ ಬಂದೇ ಬಿಟ್ಟಿತ್ತು. ಉತ್ತರದ ಕವಲಿಗೆ ಕಾರು ತಿರುಗಿಸಿದ.

ದೇವನಹಳ್ಳಿ ದಾಟುವ ತನಕ ಮಳೆ. ದೊಡ್ಡಬಳ್ಳಾಪುರದ ಕಡೆ ಹೊರಳುತ್ತಿದ್ದಂತೆ ನೆಲ ಒಣಗಿತ್ತು, ಅಲ್ಲಿ ಹನಿಯೂ ಬಿದ್ದಿರಲಿಲ್ಲ. ರಸ್ತೆಯ ತುಂಬ ಲಾರಿಗಳು, ಸಾಲು ಸಾಲು ಕೆಂಪು ದೀಪ. ಎಲ್ಲವೂ ಓಡುತ್ತಿದ್ದವು ಎಂಬುದೇ ನನಗೆ ದೊಡ್ಡ ಸಮಾಧಾನ. ನಾನು ಅಣ್ಣನ ಮಗನಿಗೆ ಫೋನು ಹಚ್ಚಿದೆ. ಗಾಡಿಯಲ್ಲಿ ಕೂತಾಗಿತ್ತು.

“ನಾನು ತುಮಕೂರಿನಲ್ಲಿ ಹತ್ತುತ್ತೇನೆ.”

“ಎಲ್ಲಿ?”

“ತುಮಕೂರಿನಲ್ಲಿ. ಟಿಟಿಇ ಬಂದ ಕೂಡಲೇ ಹೇಳು. ಕಾಕಾ ಬರುತ್ತಾರೆ ಎಂದಷ್ಟೇ ಅಲ್ಲ. ಪಿಎನ್‌ಆರ್ ತೋರಿಸಿ, ಇಬ್ಬರ ಟಿಕೆಟ್ಟೂ ಇದರಲ್ಲೇ ಇದೆ, ಇವರು ತುಮಕೂರಿನಲ್ಲಿ ಹತ್ತುತ್ತಿದ್ದಾರೆ, ಬರ್ತು ಬೇರೆಯವರಿಗೆ ಕೊಡಬೇಡಿ ಎಂದು ಹೇಳು. ನನ್ನ ಬರ್ತಿನ ಮೇಲೆ ನಿನ್ನ ಚೀಲ ಇಡು.”

“ಇಟ್ಟಿದ್ದೇನೆ ಕಾಕಾ. ಈಗಾಗಲೇ ಇಬ್ಬರು ಬಂದು ಕೇಳಿ ಹೋದರು.”

ದಾಬಸ್‌ಪೇಟೆಯಲ್ಲಿ ಪುಣೆ ಹೆದ್ದಾರಿಗೆ ಬಿದ್ದಾಗ ಹನ್ನೊಂದೂವರೆ ಆಗುತ್ತ ಬಂದಿತ್ತು. ಈಗ ಗಾಡಿಯೂ ನಾವೂ ಒಂದೇ ದಿಕ್ಕಿಗೆ ಓಡುತ್ತಿದ್ದೆವು. ಮೊಬೈಲಿನಲ್ಲಿ ನೋಡಿದರೆ ಚೆನ್ನಮ್ಮ ಯಶವಂತಪುರವನ್ನು ಐದು ನಿಮಿಷ ತಡವಾಗಿ ಬಿಟ್ಟಿತ್ತು. ಚಾಲಕನಿಗೂ ಹುರುಪು ಬಂದಿತ್ತು. “ಗಾಡಿ ಎಲ್ಲಿದೆ ಸರ್?” ಎಂದು ಕೇಳುತ್ತಲೇ ಇದ್ದ. ನಾನು ಒಂದೊಂದೇ ನಿಲ್ದಾಣದ ಹೆಸರು ಓದಿ ಹೇಳುತ್ತಿದ್ದೆ. ನಿಧಾನ ಓಡಿಸು ಎಂದೂ ಹೇಳುತ್ತಿದ್ದೆ. ಹೇಳಿದ್ದು ಮನಸ್ಸಿನಿಂದಲೇ ಎಂದು ಆಣೆ ಇಡಲಾರೆ.

ತುಮಕೂರು ನಿಲ್ದಾಣದ ಮುಂದೆ ಇಳಿದಾಗ ಹನ್ನೆರಡಕ್ಕೆ ಎಂಟು ನಿಮಿಷ. ಪ್ಲಾಟ್‌ಫಾರಂ ಮೇಲೆ ಅರ್ಧ ಹಾಸನ, ಅರ್ಧ ಹುಬ್ಬಳ್ಳಿ ಕಡೆಯ ಜನ ಗೋಣಿಚೀಲಗಳಿಗೆ ಒರಗಿ ಕೂತಿದ್ದರು. ಚಹಾ ಕುಡಿಯುವಷ್ಟು ಹೊತ್ತಿತ್ತು, ಕುಡಿದೆ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಅಂಗಡಿಯವನನ್ನು ಕೇಳಿಕೊಂಡು ಅಲ್ಲಿಗೆ ಸರಿದು ನಿಂತೆ. ಇಂಥ ಕಡೆ ನಿಲುಗಡೆ ಒಂದೆರಡು ನಿಮಿಷದ್ದು. ಸ್ಲೀಪರಿಗೆ ಹತ್ತಬೇಕಾದವನು ಎಸಿ ಬೋಗಿಯ ಎದುರು ಸಿಕ್ಕಿಬಿದ್ದರೆ ಇಷ್ಟೆಲ್ಲ ಓಡಿದ್ದು ನೀರಿನಲ್ಲಿ ಹೋಮ.

ಗಾಡಿ ಬಂತು. ಹುಡುಗ ಬಾಗಿಲಲ್ಲಿ ಜೋತು ಬಿದ್ದು ಕೈ ಬೀಸುತ್ತಿದ್ದ. ನಾನು ಹತ್ತಿದ ಮೇಲೆ ಟಿಟಿಇ ಎದುರಾದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು.

“ನೀವೇನಾ ಕಾಕಾ?”

“ಹೌದು ಸರ್.”

“ನಿಮ್ಮ ಹುಡುಗ ಎರಡು ಸಲ ಬಂದು ಹೇಳಿ ಹೋದ. ತುಮಕೂರು ತನಕ ನೋಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡ ಎಂದಿದ್ದೆ.” ಯಂತ್ರದಲ್ಲಿ ನನ್ನ ಹೆಸರಿನ ಮುಂದೆ ಒತ್ತಿದರು. “ಮುಂದಿನ ಸಲ ಹತ್ತುವ ನಿಲ್ದಾಣ ಬದಲಿಸಿಕೊಳ್ಳಿ. ಬೇರೆಯವರು ಇಷ್ಟು ಹೊತ್ತು ಕಾಯುವುದಿಲ್ಲ.”

ಕೆಳಗಿನ ಬರ್ತಿನ ಮೇಲೆ ಹುಡುಗನ ಚೀಲ, ಚೀಲದ ಮೇಲೆ ರೊಟ್ಟಿಯ ಪೊಟ್ಟಣ. ಎಣ್ಣೆಗಾಯಿ, ಶೇಂಗಾ ಚಟ್ನಿ, ಸೌತೆಕಾಯಿ ಹೋಳು. ಬಡ್ಡಿಮಗ ತನ್ನ ಪಾಲಿನದನ್ನು ಯಶವಂತಪುರ ಬಿಡುವುದರೊಳಗೇ ಮುಗಿಸಿದ್ದ.

2,800 ರೂಪಾಯಿ ದುಬಾರಿಯೇ. ಆ ದುಡ್ಡಿಗೆ ಬೆಂಗಳೂರಿನಲ್ಲಿ ಲಾಡ್ಜ್ ಮಾಡಿ ಮರುದಿನ ಹಗಲು ಗಾಡಿಯಲ್ಲಿ ಬರಬಹುದಿತ್ತಲ್ಲ ಎಂದು ಮನೆಯವಳು ಕೇಳಿದಳು. ಬರಬಹುದಿತ್ತು. ಆದರೆ ಬೆಳಗ್ಗೆ ಹತ್ತಕ್ಕೆ ಮಾದರಿಗಳನ್ನು ಮೊಳಕೆಗೆ ಇಡಬೇಕಿತ್ತು. ಒಂದು ದಿನ ತಡವಾದರೆ ವರದಿಯೂ ಒಂದು ದಿನ ತಡ, ಅಷ್ಟರಲ್ಲಿ ಕೋಲ್ಕತ್ತದ ವಿತರಕ ಇನ್ನಷ್ಟು ರೈತರಿಗೆ ಅದೇ ಬೀಜ ಮಾರಿರುತ್ತಾನೆ. ಕಂಪನಿ ಆ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿ ಪಾಸು ಮಾಡಿತು.

ಗಾಡಿ ತಪ್ಪಿದ್ದರೆ ಟಿಕೆಟ್ಟಿನ ಹಣವಂತೂ ಮರಳುತ್ತಿರಲಿಲ್ಲ. ಇದರಲ್ಲಿ ನನಗೊಂದು ತಕರಾರಿದೆ. 2019ರ ಏಪ್ರಿಲ್‌ನಿಂದ ರೈಲ್ವೆಯಲ್ಲಿ ಎರಡು ಪಿಎನ್‌ಆರ್‌ಗಳನ್ನು ಜೋಡಿಸುವ ವ್ಯವಸ್ಥೆ ಇದೆ. ಮೊದಲನೆಯ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಬಿಟ್ಟುಹೋದ ಪ್ರಯಾಣದ ಹಣ ಕೇಳಬಹುದು. ಒಳ್ಳೆಯ ನಿಯಮ. ಮೊದಲನೆಯದು ವಿಮಾನವಾದರೆ ಮಾತ್ರ ಅದು ಅನ್ವಯಿಸುವುದಿಲ್ಲ. ವಿಮಾನದವರಿಗೆ ನಿಮ್ಮ ರೈಲು ಗೊತ್ತಿಲ್ಲ, ರೈಲಿನವರಿಗೆ ನಿಮ್ಮ ವಿಮಾನ ಬೇಕಿಲ್ಲ. ಜರ್ಮನಿಯಲ್ಲಿ ವಿಮಾನದ ಟಿಕೆಟ್ಟಿನ ಜೊತೆಗೇ ರೈಲಿನ ಟಿಕೆಟ್ಟೂ ಸೇರಿ ಬರುವ ಪದ್ಧತಿ ಇದೆ, ಫ್ರಾಂಕ್‌ಫರ್ಟಿನಲ್ಲಿ ವಿಮಾನ ನಿಲ್ದಾಣಕ್ಕೇ ದೂರದ ರೈಲುಗಳು ಬರುತ್ತವೆ. ಅಷ್ಟು ದೂರ ಯಾಕೆ, ದಿಲ್ಲಿಯಲ್ಲೇ ವಿಮಾನ ನಿಲ್ದಾಣದ ಮೆಟ್ರೊ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ನವದೆಹಲಿ ರೈಲು ನಿಲ್ದಾಣದ ಎದುರು ಇರುತ್ತೀರಿ. ನಮ್ಮಲ್ಲಿ ನಕ್ಷೆ ಕೆಂಪಾಗಿದೆಯೇ ನೋಡಿಕೊಂಡು ಟ್ರಂಪೆಟ್‌ನಲ್ಲಿ ಎಡವೋ ಬಲವೋ ಎಂದು ಯೋಚಿಸಬೇಕು.

ಈಗ ನಾನು ಒಬ್ಬನೇ ಪ್ರಯಾಣ ಮಾಡುವಾಗ ಬುಕ್ ಮಾಡಿದ ದಿನವೇ ಹತ್ತುವ ನಿಲ್ದಾಣ ಯಶವಂತಪುರ ಎಂದು ಬದಲಿಸುತ್ತೇನೆ. ಮಳೆಗಾಲದಲ್ಲಿ ವಿಮಾನ ರಾತ್ರಿ ಎಂಟರ ಮೇಲೆ ಇಳಿಯುವುದಿದ್ದರೆ ನೇರ ತುಮಕೂರೇ. ಸಮಯಕ್ಕೆ ಇಳಿದರೆ ತುಮಕೂರಿಗೆ ಹೋಗಿ ಕಾಯುವುದು ಸ್ವಲ್ಪ ಪೆದ್ದುತನ ಅನ್ನಿಸಬಹುದು, ಆದರೆ ಅಲ್ಲಿ ಕಾದು ಕೂತು ತಟ್ಟೆ ಇಡ್ಲಿ ತಿನ್ನುವುದು ಹೆಬ್ಬಾಳದಲ್ಲಿ ಮೀಟರ್ ನೋಡುತ್ತ ಕೂರುವುದಕ್ಕಿಂತ ಹೊಟ್ಟೆಗೆ ಒಳ್ಳೆಯದು.

ಬೇರೆ ದಿಕ್ಕಿನವರಿಗೆ ಎರಡು ಮಾತು. ನಿಮ್ಮ ಟಿಕೆಟ್ಟಿನಲ್ಲಿ ಎಸ್‌ಎಂವಿಟಿ ಎಂದಿದ್ದರೆ ಅದು ಮೆಜೆಸ್ಟಿಕ್ ಅಲ್ಲ, 2022ರ ಜೂನ್‌ನಲ್ಲಿ ಬಾಗಿಲು ತೆರೆದ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ವಿಮಾನ ನಿಲ್ದಾಣದಿಂದ ಹೆಬ್ಬಾಳಕ್ಕೆ ಬಂದು ಹೊರವರ್ತುಲ ರಸ್ತೆಯಲ್ಲಿ ಎಡಕ್ಕೆ ಹೊರಳಬೇಕು. ಬೈಯಪ್ಪನಹಳ್ಳಿ ಎಂಬ ಹೆಸರು ನಂಬಿ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಟರ್ಮಿನಲ್‌ಗೆ ಮತ್ತೆ ಆಟೊ ಬೇಕಾಗುತ್ತದೆ. ಮೈಸೂರಿನವರಿಗೆ ಇದಾವುದೂ ಬೇಡ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ವಿಮಾನ ನಿಲ್ದಾಣದ ಎದುರಿನಿಂದಲೇ ಮೈಸೂರಿಗೆ ಹೊರಡುತ್ತದೆ. ಅಂಥದ್ದೊಂದು ಹಾವೇರಿ ಕಡೆಗೆ ಬಿಟ್ಟರೆ ನನ್ನ ಸೊಂಟ ಏನು ಬೇಕಾದರೂ ಹೇಳಿಕೊಳ್ಳಲಿ, ಮೊದಲ ದಿನದ ಟಿಕೆಟ್ ನನ್ನದು.